ಮೈಕಣ್ಣನ ಮೌನವ್ರತ

ಅವರು ಗುಟ್ಟು ಹೇಳಿದರೆ ಮೂರನೇ ಬೀದಿಗೆ ಕೇಳಿಸುತ್ತಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಎಲ್ಲರಿಗೂ ಗಂಟಲು ಕೊಡುವ ದೇವರು ಅವರಿಗೆ ಮಾತ್ರ ಆ ಜಾಗದಲ್ಲಿ ನಗಾರಿ ಇಟ್ಟು ಕಳಿಸಿದ್ದ. ಭದ್ರಾವತಿಯಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅದು ಹೆಂಚು ಹೊರುವುದಕ್ಕೆ ಇತ್ತೇ ಹೊರತು ಸದ್ದು ತಡೆಯುವುದಕ್ಕಲ್ಲ. ಆ ಕಡೆ ಅವರು ಸೀನಿದರೆ ಈ ಕಡೆ ನಮ್ಮಮ್ಮ ಒಲೆಯ ಮುಂದೆ ನಿಂತೇ "ನೂರ್ಕಾಲ ಬಾಳಪ್ಪ" ಎನ್ನುತ್ತಿದ್ದರು. "ಆಗ್ಲಿ ಅಕ್ಕಾ!" ಎಂದು ಗೋಡೆ ಉತ್ತರ ಕೊಡುತ್ತಿತ್ತು.

ಊರಿಗೆಲ್ಲ ಅವರು ಮೈಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಕರೆಂಟ್ ಬಿಲ್ಲು ಕೊಡಲು ಬರುವವನನ್ನು ಬಿಟ್ಟರೆ ಯಾರಿಗೂ ಅದು ಬೇಕಾಗಿರಲಿಲ್ಲ. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು, ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು, ಬೀದಿ ಬೀದಿ ಸುತ್ತಿ ಪ್ರಚಾರ ಮಾಡುವುದು ಅವರ ಕಸುಬು. ಸೀರೆ ಮೇಳ, ಸರ್ಕಸ್ಸು, ಉಚಿತ ಕಣ್ಣಿನ ತಪಾಸಣೆ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಎಲ್ಲವನ್ನೂ ಒಂದೇ ಸಂಭ್ರಮದಲ್ಲಿ ಕೂಗುತ್ತಿದ್ದರು. ನೀರು ಬರುವುದಿಲ್ಲ ಎಂಬ ಸುದ್ದಿಯನ್ನೂ ಅವರ ಬಾಯಲ್ಲಿ ಕೇಳಿದರೆ ಹಬ್ಬ ಬಂದಂತೆ ಅನಿಸುತ್ತಿತ್ತು.

ಆಟೋ ಕಾರ್ಖಾನೆಯ ಕ್ವಾರ್ಟರ್ಸ್ ಕಡೆ ತಿರುಗಿದರೆ ಅವರ ಮಾತು ತಮಿಳಿಗೆ ತಿರುಗುತ್ತಿತ್ತು. ಮುಂದಿನ ಓಣಿಯಲ್ಲಿ ತೆಲುಗು. ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಉರ್ದು. ಹೀಗೆ ನಾಲ್ಕು ಭಾಷೆಯ ಪಂಡಿತರು ಎಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಕನ್ನಡ ಬಿಟ್ಟು ಉಳಿದ ಮೂರರಲ್ಲಿ ಅವರಿಗೆ ಬರುತ್ತಿದ್ದದ್ದು ಸೀರೆ, ರಿಯಾಯಿತಿ, ಬನ್ನಿ, ನೋಡಿ, ಇವತ್ತೇ ಕೊನೆ, ಇಷ್ಟೇ. "ಸಾಕಲ್ವಾ?" ಎನ್ನುತ್ತಿದ್ದರು. "ಮನುಷ್ಯಂಗೆ ಇದಕ್ಕಿಂತ ಜಾಸ್ತಿ ಏನು ಹೇಳೋದಿರುತ್ತೆ?"

ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸರೋಜಕ್ಕನಿಗೆ ಹೇಳಿದರು. ಸರೋಜಕ್ಕ ಎಂದರೆ ಮೈಕಣ್ಣನ ಹೆಂಡತಿ; ಆತ ಎಷ್ಟು ಗದ್ದಲವೋ ಆಕೆ ಅಷ್ಟು ಮೆತ್ತಗೆ. ಆಕೆ ಗಂಡನಿಗೆ ಹೇಳಿದ್ದೇ ತಪ್ಪಾಯಿತು. ಸಂಜೆ ಮುಖ್ಯ ರಸ್ತೆಯಲ್ಲಿ ಗೆಳತಿಯರ ಜೊತೆ ಹೋಗುತ್ತಿದ್ದೇನೆ, ಹಿಂದಿನಿಂದ ಆಟೋ ಬಂತು. "ಬನ್ನಿ ಅಕ್ಕಂದಿರೇ, ನೋಡಿ ತಾಯಂದಿರೇ, ಕಾಟನ್ ಸೀರೆಗಳ ಭಾರೀ ರಿಯಾಯಿತಿ, ಇವತ್ತೇ ಕೊನೆ... ಓಹೋಹೋ, ನಮ್ಮ ಪಕ್ಕದ ಮನೆ ಹುಡುಗಿ, ಅಲ್ಲೇ ನೀಲಿ ಲಂಗದವಳು, ಫಸ್ಟ್ ಕ್ಲಾಸ್! ಗಣಿತದಲ್ಲಿ ಮಾತ್ರ ಸ್ವಲ್ಪ ಕಮ್ಮಿ!" ನಾನು ಪಕ್ಕದ ಬೇಕರಿಯೊಳಗೆ ನುಗ್ಗಿದೆ. ಬೇಕರಿಯವರು ಗಣಿತದ ಬಗ್ಗೆ ಸಮಾಧಾನ ಹೇಳಿ ಒಂದು ಬೆಣ್ಣೆ ಬಿಸ್ಕತ್ತು ಕೊಟ್ಟರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಮ್ಮ ಮುಂಜಾಗ್ರತೆಯಾಗಿ ಗೋಡೆಯಾಚೆಗೆ ಒಂದು ತಟ್ಟೆ ಗಟ್ಟಿ ಚಕ್ಕುಲಿ ಕಳಿಸಿದ್ದರು. ಬಾಯಲ್ಲಿ ಚಕ್ಕುಲಿ ಇದ್ದಷ್ಟು ಹೊತ್ತು ಮಾತು ಬರುವುದಿಲ್ಲ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಚಕ್ಕುಲಿ ಮುರಿಯುವ ಸದ್ದೇ ಎಷ್ಟು ಜೋರಾಗಿ ಕೇಳಿಸುತ್ತಿತ್ತೆಂದರೆ, ಹುಡುಗ "ಪಕ್ಕದಲ್ಲಿ ಮನೆ ಒಡೀತಿದ್ದಾರಾ?" ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗನೂ ನಕ್ಕ. ಈಗ ನಾವಿಬ್ಬರೂ ಶಿವಮೊಗ್ಗದ ವಿದ್ಯಾನಗರದಲ್ಲಿ ಸಂಸಾರ ಮಾಡಿಕೊಂಡಿದ್ದೇವೆ.

ಎಲೆಕ್ಷನ್ ಬಂದರೆ ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು. ಎರಡಕ್ಕೂ ಅಷ್ಟೇ ಆವೇಶ. "ಇದೇನು ಮೈಕಣ್ಣ, ನಾಚಿಕೆ ಆಗಲ್ವಾ?" ಎಂದು ಯಾರೋ ಕೇಳಿದ್ದಕ್ಕೆ, "ಓಟು ಹಾಕೋದು ಬೆರಳು ಮಾರಾಯ, ಗಂಟಲಲ್ಲ" ಎಂದರು. ಆದರೆ ಒಬ್ಬರನ್ನು ಬೈಯುವ ಸಾಲು ಬರೆದುಕೊಟ್ಟರೆ ಮಾತ್ರ ಓದುತ್ತಿರಲಿಲ್ಲ. ಆ ಸಾಲು ಬಂದಾಗಲೆಲ್ಲ ಅವರ ಮೈಕು ಕೆಡುತ್ತಿತ್ತು.

ನಾನು ಉಪನ್ಯಾಸಕಿಯಾಗಿ ಮೊದಲ ಪಾಠ ಮಾಡುವ ಹಿಂದಿನ ದಿನ ಹೆದರಿ ಕೂತಿದ್ದಾಗ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕೈಹಿಡಿದಿದೆ. "ಮುಂದಿನ ಬೆಂಚು ನೋಡ್ಬೇಡ ತಂಗಿ. ಕೊನೇ ಬೆಂಚಲ್ಲಿ ನಿದ್ದೆ ಹೊಡಿತಿರ್ತಾನಲ್ಲ, ಅವನ ಜೊತೆ ಮಾತಾಡು. ಅವನಿಗೆ ಕೇಳಿಸಿದ್ರೆ ಎಲ್ಲರಿಗೂ ಕೇಳಿಸ್ತು ಅಂತ."

ಇಂಥ ಮನುಷ್ಯನ ಗಂಟಲು ಒಂದು ವರ್ಷ ಮಳೆಗಾಲದಲ್ಲಿ ಕೈಕೊಟ್ಟಿತು. ಮೊದಲು ಕರಕರ ಎಂದಿತು. ಅವರು ಕಷಾಯ ಕುಡಿದು ಕೂಗಿದರು. ಆಮೇಲೆ ನಡುನಡುವೆ ದನಿ ಮಾಯವಾಗತೊಡಗಿತು. ಊರಿಗೆಲ್ಲ "ಭಾರೀ... ತಿ" ಎಂದು ಕೇಳಿಸಿತಂತೆ, ಜನ ಏನು ರಿಯಾಯಿತಿಯೋ ಏನು ಆರತಿಯೋ ತಿಳಿಯದೆ ನಿಂತರಂತೆ. ಸರೋಜಕ್ಕ ಅವರನ್ನು ಎಳೆದುಕೊಂಡು ಶಿವಮೊಗ್ಗಕ್ಕೆ ನಮ್ಮ ಮನೆಗೆ ಬಂದರು. ನಾನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಬಹಳ ಮೆಲ್ಲಗೆ ಮಾತಾಡುವ ಹೆಂಗಸು. ಸಣ್ಣ ಕ್ಯಾಮೆರಾ ಇಳಿಸಿ ನೋಡಿ, "ಧ್ವನಿಪೆಟ್ಟಿಗೆಯಲ್ಲಿ ಗಂಟು ಕಟ್ಟಿದೆ. ಕೆಲವು ವಾರ ಒಂದೇ ಒಂದು ಮಾತು ಆಡಬಾರದು. ಗಂಟು ತಾನೇ ಕರಗಬಹುದು. ಇಲ್ಲಾಂದ್ರೆ ಆಪರೇಷನ್ ಮಾಡ್ಬೇಕು. ಆಮೇಲೆ ದನಿ ಮೊದಲಿನ ಹಾಗೇ ಇರುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ" ಎಂದರು.

"ಪಿಸುಮಾತು?" ಎಂದು ಮೈಕಣ್ಣ ಪಿಸುಗುಟ್ಟಿದರು.

ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ನೋಡಿದರು. "ಪಿಸುಮಾತೂ ಬೇಡ," ಎಂದರು ಡಾಕ್ಟರು. "ನಿಮ್ಮದಂತೂ ಬೇಡವೇ ಬೇಡ."

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ಕೂತ ರೀತಿ ನನಗೆ ಮರೆಯುವುದಿಲ್ಲ. ಕೈ ಗಂಟಲ ಮೇಲೆ ಇತ್ತು, ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎನ್ನುವ ಹಾಗೆ. ಆ ದಿನ ಅಡುಗೆಮನೆಯಲ್ಲಿ ಸರೋಜಕ್ಕ ಸೊಪ್ಪು ಬಿಡಿಸುತ್ತಾ, "ದನಿ ಹೋದ್ರೆ ಇವರು ಇರಲ್ಲ ಕಣೇ. ಇದ್ದೂ ಇರಲ್ಲ" ಎಂದರು. ನಾನೂ ಒಂದು ಕಟ್ಟು ಎಳೆದುಕೊಂಡು ಬಿಡಿಸಲು ಕೂತೆ.

ಭದ್ರಾವತಿಗೆ ಹೋದ ಮೇಲೆ ಮೌನವ್ರತ ಶುರುವಾಯಿತು. ಶುರುವಾಯಿತು, ಮುರಿಯಿತು, ಮತ್ತೆ ಶುರುವಾಯಿತು. ಹಾಲಿನವನು ಪಕ್ಕದ ಮನೆಗೆ ಹೋಗುವ ಪ್ಯಾಕೆಟ್ಟನ್ನು ಇವರ ಬಾಗಿಲಲ್ಲಿಟ್ಟರೆ "ಏಯ್!" ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟರೆ "ಅಯ್ಯೋ ನಿನ್ನ!" ಎದುರು ಮನೆಯ ಮುದುಕರು ಬಸ್ಸಿನ ಹೊತ್ತು ತಪ್ಪು ಹೇಳಿದರೆ ಕಿಟಕಿಯಿಂದಲೇ ತಿದ್ದುಪಡಿ. ಸರೋಜಕ್ಕ ಫೋನು ಮಾಡಿ, "ನಿದ್ದೇಲೂ ಸೀರೆ ಮಾರ್ತಾರೆ ಮಾರಾಯ್ತಿ, ನಾನೇನು ಮಾಡ್ಲಿ?" ಎಂದು ಅತ್ತರು. ಅಳುತ್ತಾ ಅಳುತ್ತಾ ನಕ್ಕರು. ನಾನೂ ನಕ್ಕೆ.

ದಾರಿ ತೋರಿಸಿದ್ದು ನಮ್ಮವರು, ಅದೇ ಚಕ್ಕುಲಿ ಸದ್ದಿಗೆ ನಕ್ಕ ಹುಡುಗ. "ಮಾತಾಡೋಕೆ ಮನುಷ್ಯರು ಇದ್ದಷ್ಟು ಹೊತ್ತು ಅವರು ಸುಮ್ಮನಿರಲ್ಲ. ಮನುಷ್ಯರೇ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಫೋನಿಗೆ ಸಿಗ್ನಲ್ ಇಲ್ಲ, ಅಂಗಡಿ ಇಲ್ಲ, ಕಾಡೊಳಗೆ ಗಲಾಟೆ ಮಾಡೋ ಹಾಗೇ ಇಲ್ಲ. ನಿಮ್ಮ ಭದ್ರೆ ಹುಟ್ಟೋ ಜಾಗಾನೂ ಆ ಬೆಟ್ಟಗಳಲ್ಲೇ ಇದೆ" ಎಂದರು.

ಉದ್ಯಾನ ಎಂದ ಕೂಡಲೇ ಮೈಕಣ್ಣನ ಮುಖ ಅರಳಿತು. ಎರಡು ಕೈಯಲ್ಲೂ ಹಗ್ಗ ಹಿಡಿದಂತೆ ಮಾಡಿ ಹಿಂದೆ ಮುಂದೆ ತೂಗಿದರು. ಉಯ್ಯಾಲೆ ಇದೆಯಾ ಎಂದು ಪ್ರಶ್ನೆ. ಅವರ ಪಾಲಿಗೆ ಉದ್ಯಾನವೆಂದರೆ ಸಿಮೆಂಟಿನ ಜಿಂಕೆ, ಬಾಯಿ ತೆರೆದ ಸಿಮೆಂಟಿನ ಮೊಸಳೆ, ಗೇಟಿನ ಹೊರಗೆ ಕಡಲೆಕಾಯಿ ಗಾಡಿ. ಕಾಡನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿದ್ದುಂಟು, ಇಳಿದದ್ದಿಲ್ಲ. "ಉಯ್ಯಾಲೆ ಇಲ್ಲ ಅಣ್ಣ, ಕಾಡುಕೋಣ ಇದೆ" ಎಂದೆ. ತೂಗುತ್ತಿದ್ದ ಕೈಗಳು ನಿಂತವು.

ದಸರಾ ಕಳೆದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಮಾಡಿಸಿಕೊಂಡು, ನಮ್ಮ ಕಾರಿನಲ್ಲಿ ನಾಲ್ಕು ಜನ ಹೊರಟೆವು. ನಮ್ಮವರು ಗಾಡಿ ಓಡಿಸುತ್ತಿದ್ದರು, ಪಕ್ಕದಲ್ಲಿ ಮೈಕಣ್ಣ, ಹಿಂದೆ ನಾನು ಮತ್ತು ಸರೋಜಕ್ಕ. ಊರು ದಾಟುವಷ್ಟರಲ್ಲಿ ಮೈಕಣ್ಣ ಒಂದು ಉಪಾಯ ಕಂಡುಹಿಡಿದರು. ಮಾತಾಡುವಂತಿಲ್ಲ, ಸರಿ. ಕಾರಿನ ಹಾರ್ನು ಯಾರದ್ದು? ಕೈ ಚಾಚಿ ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ, ಉದ್ದಕ್ಕೆ ಒತ್ತಿದರೆ ಗಾಡಿ ನಿಲ್ಲಿಸಿ ತಿಂಡಿ ತಿನ್ನೋಣ. ನರಸಿಂಹರಾಜಪುರ ಬರುವಷ್ಟರಲ್ಲಿ ದಾರಿಯ ಮೇಲಿದ್ದ ಎಮ್ಮೆಗಳೆಲ್ಲ ನಮ್ಮನ್ನು ಬೈದುಕೊಂಡು ಬದಿಗೆ ಸರಿದಿದ್ದವು. ಬಾಳೆಹೊನ್ನೂರಿನಲ್ಲಿ ನಮ್ಮವರು, "ಅಣ್ಣ, ಉಪ್ಪಿಟ್ಟಿಗೆ ಉಪ್ಪು ಸಾಕಾ ಅಂತ ಹೋಟೆಲ್ ಒಳಗೆ ಕೇಳಿದ್ರೆ ಹೊರಗೆ ಬಂದು ಹಾರ್ನ್ ಹೊಡೀಬೇಡಿ, ಜನ ನೋಡ್ತಾರೆ" ಎಂದು ಕೈಮುಗಿದರು. ಮೈಕಣ್ಣ ಓಡಿಹೋಗಿ ಎರಡು ಸಲ ಒತ್ತಿ ಬಂದರು.

ಕಳಸ ದಾಟಿದ ಮೇಲೆ ಟಾರು ಮುಗಿಯಿತು. ಅಲ್ಲಿಂದ ಮುಂದೆ ಜೀಪು. ಆ ಜೀಪು ನಮ್ಮನ್ನು ಕೂರಿಸಿಕೊಂಡು ಹೋಯಿತು ಎನ್ನುವುದಕ್ಕಿಂತ ಮೊರದಲ್ಲಿ ಹಾಕಿ ಕೇರಿಕೊಂಡು ಹೋಯಿತು ಎನ್ನಬೇಕು. ಬೆಟ್ಟದ ಬುಡದಲ್ಲಿ ನಾಲ್ಕಾರು ಮನೆಗಳ ಒಂದು ಹಳ್ಳಿ. ಅಲ್ಲಿ ಶೇಷಪ್ಪ ಎಂಬವರ ಮನೆಯಲ್ಲಿ ತಂಗುವ ವ್ಯವಸ್ಥೆ; ಮರುದಿನ ಕಾಡಿಗೆ ನಮ್ಮ ಗೈಡೂ ಅವರೇ. ಊಟಕ್ಕೆ ಕಡುಬು ಬಡಿಸುತ್ತಾ ಶೇಷಪ್ಪ ಮೈಕಣ್ಣನನ್ನು ಮಾತಾಡಿಸಿದರು. ಮೈಕಣ್ಣ ಕೈಯಾಡಿಸಿದರು, ಹುಬ್ಬು ಹಾರಿಸಿದರು, ಹೊಟ್ಟೆ ಸವರಿ ಕಡುಬು ಚೆನ್ನಾಗಿದೆ ಎಂದು ತೋರಿಸಿದರು. ಶೇಷಪ್ಪನ ಕಣ್ಣು ತುಂಬಿತು.

"ಅಯ್ಯೋ ಪಾಪ ಮಾರಾಯ್ರೆ. ಹುಟ್ಟಿದಾಗಿಂದ ಹೀಗೆಯಾ?"

ಸರೋಜಕ್ಕನ ಬಾಯಲ್ಲಿ ಕಡುಬಿತ್ತು. ಅವರು ತಲೆ ಆಡಿಸಿದರು. ಯಾವ ಕಡೆಗೆ ಆಡಿಸಿದರೋ ನನಗೆ ಗೊತ್ತಾಗಲಿಲ್ಲ, ಶೇಷಪ್ಪನಿಗೆ ಗೊತ್ತಾಯಿತು. ಮೈಕಣ್ಣನ ತಟ್ಟೆಗೆ ಇನ್ನೆರಡು ಕಡುಬು, ಮೇಲೆ ಒಂದು ಸೌಟು ತುಪ್ಪ ಬಿತ್ತು. "ದೇವರು ಒಂದು ಕಿತ್ಕೊಂಡ್ರೆ ಒಂದು ಕೊಡ್ತಾನೆ" ಎಂದರು. ಮೈಕಣ್ಣ ಭಕ್ತಿಯಿಂದ ಕಣ್ಣು ಮುಚ್ಚಿ ಕಡುಬು ಮುರಿದರು. ನಾನು ಮತ್ತು ನಮ್ಮವರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಓಡಿ, ಗೋಡೆಗೆ ಹಣೆ ಹಚ್ಚಿ ನಕ್ಕೆವು.

ಬೆಳಿಗ್ಗೆ ಕಾಡಿಗೆ ಕಾಲಿಟ್ಟೆವು. ಮೊದಲ ಹಳ್ಳ ದಾಟುವಾಗಲೇ ಮೈಕಣ್ಣನ ಹಿಮ್ಮಡಿಗೆ ಒಂದು ಇಂಬಳ ಕಚ್ಚಿಕೊಂಡಿತು. ಇಂಬಳ ಎಂದರೆ ಸೂಜಿಯಷ್ಟು ಸಣ್ಣಗೆ ಬಂದು ರಕ್ತ ಕುಡಿದು ದ್ರಾಕ್ಷಿಯಷ್ಟಾಗುವ ಹುಳ. ಅವರು ಅದನ್ನು ನೋಡಿದರು. ಬಾಯಿ ಪೂರ್ತಿ ತೆರೆಯಿತು, ಕಣ್ಣು ಹೊರಗೆ ಬಂತು, ಎರಡೂ ಕೈ ಆಕಾಶಕ್ಕೆ ಹೋದವು, ಒಂದು ಕಾಲಿನ ಮೇಲೆ ಗಿರಗಿರ ತಿರುಗಿದರು. ಸದ್ದು ಮಾತ್ರ ಇಲ್ಲ. ಟೀವಿಯ ದನಿ ತೆಗೆದು ಚಿತ್ರ ಬಿಟ್ಟ ಹಾಗೆ. ಶೇಷಪ್ಪ ಸುಣ್ಣ ಹಚ್ಚಿ ಅದನ್ನು ಉದುರಿಸಿ, "ನೋಡಿ, ಕಿರುಚಕ್ಕೂ ಆಗಲ್ಲ ಪಾಪ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಕಾಡು ಮುಗಿದು ಹುಲ್ಲುಗಾವಲು ಶುರುವಾಯಿತು. ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಎಲ್ಲದರ ಮೈಮೇಲೂ ಹಸಿರು ಹುಲ್ಲು, ಬೆಟ್ಟಗಳ ಕಂಕುಳಲ್ಲಿ ಕಪ್ಪಗೆ ಒತ್ತೊತ್ತಾದ ಕಾಡು. ಒಂದು ಮನೆ ಇಲ್ಲ, ಕಂಬ ಇಲ್ಲ, ತಂತಿ ಇಲ್ಲ. ಮೈಕಣ್ಣ ನಿಂತುಬಿಟ್ಟರು. ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ಕೆಳಗೆಲ್ಲೋ ನೀರು ಹರಿಯುತ್ತಿತ್ತು. ಒಂದು ಹಕ್ಕಿ, ದಾರಿಯಲ್ಲಿ ಹೋಗುವ ಸೋಮಾರಿ ಹುಡುಗನ ಹಾಗೆ, ಯಾವ ರಾಗವೂ ಅಲ್ಲದ ರಾಗದಲ್ಲಿ ಸಿಳ್ಳೆ ಹಾಕುತ್ತಿತ್ತು. ಹುಲ್ಲಿನ ಮೇಲೆ ಗಾಳಿ ಹೋಗುವ ಸದ್ದೂ ಕೇಳಿಸಿತು. ಅವರು ನನ್ನ ಕಡೆ ತಿರುಗಿ ಗಾಳಿಯ ಕಡೆ ಬೆರಳು ಮಾಡಿದರು, ಆಮೇಲೆ ತಮ್ಮ ಕಿವಿ ತೋರಿಸಿದರು. ನಿನಗೂ ಕೇಳಿಸ್ತಾ ಎಂದು ಕೇಳುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಮುಖದಲ್ಲಿ ಮೊದಲ ಸಲ ಐಸ್‌ಕ್ಯಾಂಡಿ ಚೀಪಿದ ಮಗುವಿನ ಬೆರಗು.

ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಪಂಚೆ ಎತ್ತಿ ಕಟ್ಟಿ ಹುಲ್ಲಿನ ಇಳಿಜಾರಿನ ಮೇಲೆ ಕೂತು ಜಾರಿದರು. ಎದ್ದು ಹತ್ತಿ ಬಂದು ಮತ್ತೆ ಜಾರಿದರು. ಸರೋಜಕ್ಕ "ವಯಸ್ಸಿಗೆ ತಕ್ಕ ಹಾಗಿರಿ" ಎಂದು ಗದರುತ್ತಲೇ ಇದ್ದರು, ಅಷ್ಟರಲ್ಲಿ ಕಾಲು ತಪ್ಪಿ ತಾವೂ ಕೂತು ಜಾರಿದರು. ಕೆಳಗೆ ಇಬ್ಬರೂ ಒಬ್ಬರಿಗೊಬ್ಬರು ತಾಗಿ ಉರುಳಿ, ಒಬ್ಬರು ಸದ್ದು ಮಾಡಿ ನಕ್ಕರು, ಇನ್ನೊಬ್ಬರು ಸದ್ದಿಲ್ಲದೆ ನಕ್ಕರು. ಶೇಷಪ್ಪ ತುಟಿಯ ಮೇಲೆ ಬೆರಳಿಟ್ಟು "ಶ್, ಶ್" ಎನ್ನುತ್ತಲೇ ತಾವೂ ಹಲ್ಲು ಬಿಡುತ್ತಿದ್ದರು.

ಸ್ವಲ್ಪ ಮೇಲೆ ಹೋದ ಮೇಲೆ ಶೇಷಪ್ಪ ತಟ್ಟನೆ ಕೈ ಅಡ್ಡ ಹಿಡಿದರು. ಕಾಡಿನ ಅಂಚಿನಿಂದ ಒಂದು ಕಡವೆ ಹೊರಗೆ ಬಂದಿತ್ತು. ಕುದುರೆಯಷ್ಟು ದೊಡ್ಡದು, ಕೊರಳ ಸುತ್ತ ಒರಟು ಕೂದಲು, ಕವಲೊಡೆದ ಕೊಂಬು. ನಾವು ಉಸಿರು ಹಿಡಿದು ನಿಂತೆವು. ಮೈಕಣ್ಣ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದರು. ಅದು ತಲೆಯೆತ್ತಿ ಅವರನ್ನೇ ನೋಡಿತು. ಇವರೂ ಅದನ್ನೇ ನೋಡಿದರು. ಸಾವಧಾನವಾಗಿ ಹುಲ್ಲು ಕಿತ್ತು, ಅಗಿದು, ಮತ್ತೆ ನೋಡಿ, ಅದು ಕಾಡೊಳಗೆ ಹೋಯಿತು. ಮೈಕಣ್ಣನ ಬೆರಳುಗಳ ಮೇಲೆ ಕಣ್ಣೀರು ಇಳಿಯುತ್ತಿತ್ತು. ಸರೋಜಕ್ಕ ಸೆರಗಿನಿಂದ ಒರೆಸಿದರು. "ನೀವು ಬಾಯಿ ಮುಚ್ಚಿದ್ದಕ್ಕೆ ಬಂತು ನೋಡಿ" ಎಂದರು. ಅವರು ತಲೆಯಾಡಿಸಿದರು.

ಶಿಖರ ಇನ್ನೂ ದೂರವಿತ್ತು. ನಮ್ಮ ಮಂಡಿಗಳು ಅಲ್ಲಿಗೇ ಸಾಕೆಂದವು. ಒಂದು ಬೆಟ್ಟದ ಏಣಿನ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದೆವು. ಸರೋಜಕ್ಕ "ಈಗ ಬಂದೆ" ಎಂದು ನನಗೆ ಸನ್ನೆ ಮಾಡಿ ಸ್ವಲ್ಪ ಕೆಳಗಿದ್ದ ಪೊದೆಗಳ ಮರೆಗೆ ಹೋದರು. ನಾನೂ ಬರ್ತೀನಿ ಎಂದರೆ ಬೇಡ ಎಂದರು.

ಆಗ ಮಂಜು ಬಂತು. ಬಂತು ಎನ್ನುವುದಕ್ಕೂ ಪುರುಸೊತ್ತಿರಲಿಲ್ಲ. ಕಣಿವೆಯಿಂದ ಹಾಲು ಉಕ್ಕಿದಂತೆ ಮೇಲೆದ್ದು ನಮ್ಮನ್ನು ಮುಳುಗಿಸಿತು. ನನ್ನ ಕೈ ನನಗೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. "ಸರೋಜಕ್ಕಾ" ಎಂದು ಕರೆದೆ. ಉತ್ತರವಿಲ್ಲ. ನಮ್ಮವರು ಕರೆದರು. ಶೇಷಪ್ಪ "ಅಮ್ಮಾ, ಅಮ್ಮೋ" ಎಂದು ಕೂಗಿದರು. ನಮ್ಮ ದನಿಗಳು ಒದ್ದೆ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಬಾಯಿಯ ಮುಂದೆಯೇ ಬಿದ್ದುಹೋದವು.

ಶೇಷಪ್ಪನ ಮುಖದಲ್ಲಿ ನಗು ಇರಲಿಲ್ಲ. "ಯಾರೂ ಜಾಗ ಬಿಟ್ಟು ಅಲ್ಲಾಡ್ಬೇಡಿ. ಆ ಪೊದೆ ಆಚೆ ಪ್ರಪಾತ ಉಂಟು. ಅವರು ಹೆದರಿ ನಡೀಲಿಕ್ಕೆ ಶುರು ಮಾಡಿದ್ರೆ ಕಷ್ಟ" ಎಂದು ಹೇಳಿ, ಕೋಲಿನಿಂದ ನೆಲ ತಡವುತ್ತಾ ಮಂಜಿನೊಳಗೆ ಇಳಿದರು. ಎರಡು ಹೆಜ್ಜೆಗೇ ಅವರೂ ಮಾಯವಾದರು.

ಮೈಕಣ್ಣ ಎದ್ದು ನಿಂತಿದ್ದರು. ನಮ್ಮವರು ಅವರ ತೋಳು ಹಿಡಿದು, "ನೀವು ಬೇಡ ಅಣ್ಣ. ಇಷ್ಟು ದಿನ ಕಾಪಾಡಿದ ಗಂಟಲು. ನಾವು ಕೂಗ್ತೀವಿ" ಎಂದರು. ಅವರು ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಕಾಲು ಅಗಲಿಸಿ ನಿಂತು, ಅಂಗೈಗಳನ್ನು ಬಾಯಿಯ ಸುತ್ತ ಹಿಡಿದರು. ಮೊದಲು ಬರೀ ಗಾಳಿ ಬಂತು. ಅವರು ಉಗುಳು ನುಂಗಿ, ಹೊಟ್ಟೆಯಿಂದ ಉಸಿರೆಳೆದುಕೊಂಡರು.

"ಸರೋ... ಜಾ!"

ಆ ಕೂಗು ಮಂಜನ್ನು ಸೀಳಿಕೊಂಡು ಹೋಗಿ ಎದುರು ಬೆಟ್ಟಕ್ಕೆ ಬಡಿದು, ಅಲ್ಲಿಂದ ಇನ್ನೊಂದು ಬೆಟ್ಟಕ್ಕೆ ಹೋಗಿ, ನಿಧಾನವಾಗಿ ತಿರುಗಿ ಬಂತು. ಕಾಡಿನೊಳಗೆ ಮಂಗಗಳು ಎದ್ದು ಗದ್ದಲ ಮಾಡಿದವು. "ಸರೋಜಾ! ಎಲ್ಲಿದ್ದೀಯೋ ಅಲ್ಲೇ ಕೂತ್ಕೋ! ಏಳ್ಬೇಡ! ಹೆದರ್ಬೇಡ! ನಾನಿದ್ದೀನಿ! ಸರೋಜಾ!"

ಉತ್ತರ ಬರಲಿಲ್ಲ. ಅವರು ಇನ್ನೂ ಕೂಗಿದರು. ಕೂಗುತ್ತಾ ಕೂಗುತ್ತಾ ಆ ಗಾಬರಿಯಲ್ಲಿ ಬಾಯಿಗೆ ತನ್ನ ಹಳೆಯ ಓಟ ಸಿಕ್ಕಿಬಿಟ್ಟಿತು. "ಸಾರ್ವಜನಿಕರಲ್ಲಿ ವಿನಂತಿ! ಭದ್ರಾವತಿಯ ಸರೋಜಾ ಎಂಬ ಮಹಿಳೆ, ದುಂಡು ಮುಖ, ಹಳದಿ ಸೀರೆ, ಕಂಡವರು ಕೂಡಲೇ ತಿಳಿಸಬೇಕು! ಸರೋಜಾ, ಇಂಗೆ ವಾಂಗೋ! ಸರೋಜಾ, ರಂಡಿ, ಚೂಡಂಡಿ! ಸರೋಜಾ, ಆಯಿಯೇ, ಆಜ್ ಆಖ್ರೀ ದಿನ್!"

"ಅಣ್ಣಾ, ಸರೋಜಕ್ಕಂಗೆ ತಮಿಳು ತೆಲುಗು ಬರಲ್ಲ!" ಎಂದು ನಮ್ಮವರು ಕೂಗಿದರು. ನನಗೆ ಅಳು ಬರುತ್ತಿತ್ತು, ಅದರ ನಡುವೆಯೇ ನಗು. ಮೈಕಣ್ಣನಿಗೆ ಏನೂ ಕೇಳಿಸುತ್ತಿರಲಿಲ್ಲ. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಅವರು ಆ ಬಿಳಿ ಗೋಡೆಗೆ ಕೂಗುತ್ತಲೇ ಇದ್ದರು.

ಆಗ ಕೆಳಗಿನಿಂದ ಸಣ್ಣಗೆ, "ಇಲ್ಲೇ ಇದ್ದೀನಿ ರೀ!" ಎಂದು ಕೇಳಿಸಿತು.

ಆ ದನಿ ಹಿಡಿದು ಶೇಷಪ್ಪ ಆಕೆಯನ್ನು ತಲುಪಿದರು. ಒಂದು ಬಂಡೆಯ ಮೇಲೆ ಸೀರೆ ಮುದುರಿಕೊಂಡು ಕೂತಿದ್ದರಂತೆ. ಕೈಹಿಡಿದು ನಡೆಸಿಕೊಂಡು ಬಂದರು. ಮಂಜಿನೊಳಗಿಂದ ಮೊದಲು ಹಳದಿ ಸೆರಗು ಕಂಡಿತು, ಆಮೇಲೆ ಸರೋಜಕ್ಕ. ಮೈಕಣ್ಣ ಓಡಿಹೋಗಿ ಅವರ ಎರಡೂ ಭುಜ ಹಿಡಿದು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ದನಿ ಬರಲಿಲ್ಲ. ಸರೋಜಕ್ಕ ತಮ್ಮ ಅಂಗೈಯಿಂದ ಅವರ ಬಾಯಿ ಮುಚ್ಚಿ, "ಸಾಕು, ಇನ್ನು ಸುಮ್ಮನಿರಿ" ಎಂದರು.

ಶೇಷಪ್ಪ ಮಾತ್ರ ನಿಂತಲ್ಲೇ ನಿಂತಿದ್ದರು. ಕೋಲು ಕೈಯಿಂದ ಜಾರಿತ್ತು. ಅವರು ಮೈಕಣ್ಣನನ್ನು ನೋಡಿದರು, ಬೆಟ್ಟ ಇರಬೇಕಾದ ಕಡೆಗೆ ತಿರುಗಿ ಕೈಮುಗಿದರು. "ಹುಟ್ಟಿದಾಗಿಂದ ಮಾತಿಲ್ಲದವರಿಗೆ ಮಾತು ಬಂತಲ್ಲ ಮಾರಾಯ್ರೆ! ಅದೂ ನಾಲ್ಕು ಭಾಷೆ!"

ನಮಗೆ ನಿಜ ಹೇಳುವ ಧೈರ್ಯವಾಗಲಿಲ್ಲ. ಮಂಜು ಸರಿದ ಮೇಲೆ ಇಳಿದು ಬಂದು, ಶೇಷಪ್ಪ ಊರ ದೇವರಿಗೆ ತೆಂಗಿನಕಾಯಿ ಒಡೆದರು. ಮೈಕಣ್ಣ ಸಾಷ್ಟಾಂಗ ಬಿದ್ದರು. ಹೊರಡುವಾಗ ಸರೋಜಕ್ಕನಿಗೇ ತಡೆಯಲಾಗದೆ ಎಲ್ಲ ಬಾಯಿಬಿಟ್ಟರು. ಶೇಷಪ್ಪ ಜೀಪಿನ ಬಾನೆಟ್ಟು ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಕಡುಬು ವಾಪಸ್ ಕೊಡಿ" ಎಂದರು.

ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ತಮ್ಮ ಮೆಲುದನಿಯಲ್ಲೇ ನಮ್ಮೆಲ್ಲರನ್ನೂ ಚೆನ್ನಾಗಿ ಬೈದರು. ಮತ್ತೆ ಮೊದಲಿನಿಂದ ಮೌನ. ವಿಚಿತ್ರವೆಂದರೆ ಈ ಸಲ ಅವರು ನಿಜಕ್ಕೂ ಸುಮ್ಮನಿದ್ದರು. ಭದ್ರಾವತಿಯಲ್ಲಿ ಹೊಳೆಯ ದಂಡೆಗೆ ಹೋಗಿ ಕೂತುಬರುತ್ತಿದ್ದರು. ಹಾಲಿನವನು ಏನು ಮಾಡಿದರೂ ನೋಡಿ ನಗುತ್ತಿದ್ದರಂತೆ. ಬೇಸಿಗೆಯ ಹೊತ್ತಿಗೆ ಗಂಟು ಕರಗಿತ್ತು. ದನಿ ಬಂತು, ಆದರೆ ಸ್ವಲ್ಪ ದಪ್ಪವಾಗಿ, ಕೆಳಗಿಳಿದು ಬಂತು. ಮೈಕಣ್ಣನಿಗೆ ಅದರಿಂದ ಹೆಮ್ಮೆಯೋ ಹೆಮ್ಮೆ. ನನಗೆ ಫೋನು ಮಾಡಿ, "ಕೇಳಿಸ್ಕೊಂಡ್ಯಾ ತಂಗಿ? ಬೇಸು! ಕಾಡಿಂದ ತಂದಿದ್ದು!" ಎಂದರು. ಫೋನನ್ನು ಕಿವಿಯಿಂದ ದೂರ ಹಿಡಿದೆ.

ಮುಂದೆ ಆಟೋಗಳಿಗೆ ಪೆನ್‌ಡ್ರೈವ್ ಬಂತು. ಒಂದು ಸಲ ಕೂಗಿ ತುಂಬಿಸಿದರೆ ಅದೇ ದಿನವಿಡೀ ಕೂಗುತ್ತದೆ. ಮೈಕಣ್ಣ 'ಆರಾಮಾಯ್ತು' ಎಂದು ಮನೆಯಲ್ಲೇ ಕೂತು ತುಂಬಿಸಿ ಕೊಡುತ್ತಿದ್ದರು. ಊರಲ್ಲಿ ಒಂದೇ ಹೊತ್ತಿಗೆ ಅವರ ದನಿ ಹಲವು ಓಣಿಗಳಲ್ಲಿ ಸುತ್ತುತ್ತಿತ್ತು. ವರ್ಷಕ್ಕೊಮ್ಮೆ ಮಾತ್ರ, ದಸರಾ ಕಳೆದ ಮೇಲೆ, ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಶೇಷಪ್ಪನ ಮನೆಗೆ ಹೋಗಿ ಬರುತ್ತಿದ್ದರು.

ಈ ವರ್ಷ ಮೈಕಣ್ಣ ನಿದ್ದೆಯಲ್ಲೇ ಹೋದರು. ಪಕ್ಕದಲ್ಲಿ ಮಲಗಿದ್ದ ಸರೋಜಕ್ಕನಿಗೂ ಗೊತ್ತಾಗದಷ್ಟು ಸದ್ದಿಲ್ಲದೆ. ನಾನು ಭದ್ರಾವತಿಗೆ ಹೋದಾಗ ಮನೆ ತುಂಬ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಆ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕಂಡಿರಲಿಲ್ಲ. ಸರೋಜಕ್ಕ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಆ ಮಂಜಿನ ದಿನದ ಮಾತೆತ್ತಿದೆ. "ಎಷ್ಟು ಕೂಗಿದ್ರು ಅಕ್ಕ ಅವತ್ತು. ನಿಮಗೆ ಕೇಳಿಸ್ತಾನೇ ಇರಲಿಲ್ಲ."

ಸರೋಜಕ್ಕ ನನ್ನ ಮುಖ ನೋಡಿದರು. "ಮೊದಲ್ನೇ ಕೂಗಿಗೇ ಕೇಳಿಸಿತ್ತು."

"ಮತ್ತೆ?"

"ಮಂಜು ಬಂದಾಗ ಹೆದರಿ ನಡುಗ್ತಾ ಕೂತಿದ್ದೆ ಕಣೇ, ಸತ್ತೇಹೋದೆ ಅಂದ್ಕೊಂಡಿದ್ದೆ. ಆ ದನಿ ಬಂತು ನೋಡು, ಹೆದರಿಕೆಯೆಲ್ಲ ಹೋಯ್ತು. ಮದುವೆ ಆದಾಗಿಂದ ನನ್ನ 'ಲೇ' ಅಂತಿದ್ರು, 'ಇವಳೇ' ಅಂತಿದ್ರು. ಊರೋರ ಹೆಸರೆಲ್ಲ ಮೈಕಲ್ಲಿ ಕೂಗಿದ್ರು. ನನ್ನ ಹೆಸರು ಅವರ ಬಾಯಲ್ಲಿ ಅವತ್ತೇ ಮೊದಲು ಕೇಳಿದ್ದು. ಅದೂ ಬೆಟ್ಟ ಬೆಟ್ಟಕ್ಕೂ ಕೇಳೋ ಹಾಗೆ."

"ಅಯ್ಯೋ ಅಕ್ಕ! ಹಾಗಾದ್ರೆ ಓಗೊಡಬಾರ್ದಿತ್ತಾ? ನಾವು ಮೇಲೆ ಪ್ರಾಣ ಬಿಡ್ತಿದ್ವಿ!"

ಚಾಪೆಯ ಮೇಲಿದ್ದ ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಸರೋಜಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ನಗುವಿಗೆ ಭುಜ ಕುಲುಕುತ್ತಿತ್ತು.

"ಓಗೊಟ್ಟಿದ್ರೆ ನಿಲ್ಲಿಸಿಬಿಡೋರಲ್ಲ ಮಾರಾಯ್ತಿ" ಎಂದರು. "ಉರ್ದು ಒಂದು ಮುಗೀಲಿ ಅಂತ ಕಾದೆ."